ಪಶ್ಚಿಮದ ದಂಡೆ

ಸ್ಕಾರ್ವಾ ದ್ವೀಪ, ಉತ್ತರ ನಾರ್ವೆ
೧೭ ಆಗಸ್ಟ್ ೧೯೮೯, ಗುರುವಾರ

ಪ್ರೀತಿಯ ಅತ್ತೆ,

ನಿಮ್ಮ ಸೊಸೆ ಕನಕಲಕ್ಷ್ಮಿಯ ನಮಸ್ಕಾರ. ಮಂಡಿ ನೋವು ಹೇಗಿದೆ? ಮಳೆ ಹಿಡಿದುಕೊಂಡಿದ್ದರೆ ಹೆಚ್ಚಾಗಿರುತ್ತದೆ, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುವುದನ್ನು ಬಿಡಬೇಡಿ. ಮಾವನವರು ಎದೆಯ ಮಾತ್ರೆಯನ್ನು ಕಾಫಿಯ ಜೊತೆ ನುಂಗದೆ ನೀರಿನ ಜೊತೆ ನುಂಗುವಂತೆ ನೋಡಿಕೊಳ್ಳಿ. ಮಗುವಿನ ಕಿವಿ ಸೋರುವುದು ನಿಂತಿತೇ? ತಲೆಗೆ ನೀರು ಹಾಕುವಾಗ ಕಿವಿಗೆ ಹತ್ತಿ ಇಡಿ. ಅವಳು ಅಮ್ಮ ಎಲ್ಲಿ ಎಂದು ಕೇಳಿದರೆ ಶಿಡ್ಲಘಟ್ಟದ ಶಾಲೆಯಲ್ಲಿ ಪರೀಕ್ಷೆ ನಡೆಸುತ್ತಿದ್ದಾಳೆ ಎಂದೇ ಹೇಳುತ್ತಿರಿ. ಈ ಪತ್ರವನ್ನು ನೀವು ಮಾವನವರಿಗೆ ಗಟ್ಟಿಯಾಗಿ ಓದಿ ಹೇಳುತ್ತೀರಿ, ಓದುವಾಗ ತಡವರಿಸಿದರೆ ಅವರಿಗೆ ಗಾಬರಿಯಾಗುತ್ತದೆ. ಅದಕ್ಕೇ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಆರೋಗ್ಯವಾಗಿದ್ದೇನೆ. ‘ಆ ದೇಶ್ದಲ್ಲಿ ಏನ್ ತಿಂತೀಯಮ್ಮ, ಹುರಿಟ್ಟು ತಗೊಂಡೋಗು’ ಎಂದು ನೀವು ಹಟ ಮಾಡಿ ಕಟ್ಟಿಕೊಟ್ಟದ್ದೇ ನನ್ನನ್ನು ಉಳಿಸಿತು. ಇಲ್ಲಿ ಮೂರು ಹೊತ್ತೂ ಮೀನು. ಕೇಳಿದರೆ ಆಲೂಗೆಡ್ಡೆ ಬೇಯಿಸಿ ಕೊಡುತ್ತಾರೆ. ಊರೆಂದರೆ ಹಡಗುಕಟ್ಟೆಯ ಸುತ್ತ ಇರುವ ಹತ್ತಾರು ಮರದ ಮನೆಗಳು, ಅಷ್ಟೇ. ಮನೆಗಳು ಮರದವು, ಆದರೆ ದ್ವೀಪದಲ್ಲಿ ಹುಡುಕಿದರೂ ಒಂದು ಮರವಿಲ್ಲ. ಹಾಸುಗಲ್ಲು, ಪಾಚಿ, ಗಾಳಿ. ದಂಡೆಯಲ್ಲಿ ಕಡಲಕಳೆ ಕೊಳೆತು ಬರುವ ವಾಸನೆ, ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಬೀದಿಯ ವಾಸನೆಯ ಹಾಗೆಯೇ ಇದೆ. ಹುಟ್ಟಿ ಬೆಳೆದ ಊರಿನ ನಾತ ಇಷ್ಟು ದೂರ ಬಂದು ಮೂಗಿಗೆ ಬಡಿದಾಗ ನಿಂತಲ್ಲೇ ಅತ್ತುಬಿಟ್ಟೆ.

ನನ್ನನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡಿರುವ ಹೆಂಗಸಿನ ಹೆಸರು ಟೂರಿಡ್. ನಿಮ್ಮ ವಾರಿಗೆಯವರು, ಕುರಿ ಸಾಕಿದ್ದಾರೆ. ಹೋದ ವರ್ಷ ನಿಮ್ಮ ಮಗ ಕಲ್ಲುಗಳ ಅಧ್ಯಯನಕ್ಕೆಂದು ಬಂದಾಗ ಉಳಿದುಕೊಂಡಿದ್ದೂ ಇವರ ಮನೆಯಲ್ಲೇ. ‘ಶಲಪತಿ’ ಎನ್ನುತ್ತಾರೆ, ಚ ಬರುವುದಿಲ್ಲ. ನಂದಿಯ ಬೆಟ್ಟದ ಕಲ್ಲೂ ಈ ದ್ವೀಪದ ಕಲ್ಲೂ ಎರಡೂ ಭೂಮಿ ಬಿಸಿ ಆರುವ ಕಾಲದವು ಎಂದು ಇವರಿಗೂ ಪಾಠ ಹೇಳಿದ್ದರಂತೆ. ಒಲೆಯ ಮುಂದೆ ಕೂತು, ಕೈಯಲ್ಲೊಂದು ಕಲ್ಲು ಹಿಡಿದು, ನಮಗೆ ಹೇಳುತ್ತಿದ್ದ ಹಾಗೆಯೇ. ‘ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೆ ಅವನು ಹೇಳುವಾಗ ಕಲ್ಲಿನ ಮೇಲೆ ಪ್ರೀತಿ ಬರುತ್ತಿತ್ತು’ ಅಂದರು.

ನಿಮ್ಮ ಮಗ ಹೊರಟುಹೋದ ದಾರಿಯಲ್ಲೇ ನಾನೂ ಹೋಗಬೇಕು ಎಂದೆ. ಟೂರಿಡ್ ಇಬ್ಬರು ಕೂರುವ ಕಯಾಕನ್ನು ಹೊರಗೆಳೆದರು. ಅವರೆಕಾಯಿ ಸಿಪ್ಪೆಯಂತಹ ದೋಣಿ ಅತ್ತೆ, ಕಾಳಿರುವ ಕಡೆ ಮನುಷ್ಯ ಕೂರಲು ತೂತು. ಕಾಲು ಚಾಚಿ ಒಳಗೆ ಸೇರಿಕೊಂಡರೆ ಸೊಂಟದವರೆಗೂ ನೀರಿನ ಮಟ್ಟದಲ್ಲೇ ಇರುತ್ತೇವೆ. ಕಂದವಾರದ ಕೆರೆಯಲ್ಲಿ ಮೊಣಕಾಲುದ್ದ ಇಳಿಯಲು ಹೆದರುತ್ತಿದ್ದವಳು ನಾನು. ಸೀರೆ ಬಿಟ್ಟು ಟೂರಿಡ್ ಅವರ ಉಣ್ಣೆಯ ಪ್ಯಾಂಟು ಹಾಕಿಕೊಂಡೆ, ಮಾವನವರು ನಗಬಾರದು. ಒಂದೊಂದು ಅಲೆಗೂ ಕಣ್ಣು ಮುಚ್ಚುತ್ತಿದ್ದೆ. ಹಿಂದಿನಿಂದ ಟೂರಿಡ್, ‘ಕಣ್ಣು ಬಿಡು. ಹುಡುಕಲು ಬಂದವಳು ಕಣ್ಣು ಮುಚ್ಚಬಾರದು’ ಎಂದರು. ಆಮೇಲೆ ಮುಚ್ಚಲಿಲ್ಲ. ಬಂಡೆಗಳ ಸಂದಿ, ನೀರು ನುಗ್ಗುವ ಗವಿ, ಒಂದನ್ನೂ ಬಿಡದೆ ನೋಡಿದೆ. ಎಲ್ಲೆಲ್ಲೂ ಹಕ್ಕಿಗಳು. ನೀರುನಾಯಿ ಕಂಡರೂ ಮನುಷ್ಯನ ತಲೆ ಎಂದು ಎದೆ ಹಾರುತ್ತಿತ್ತು.

ಉತ್ತರದ ಕೊಲ್ಲಿಯಲ್ಲಿ ನಿಮ್ಮ ಮಗ ಡೇರೆ ಹಾಕಿದ್ದ ಜಾಗವಿದೆ. ಬಟ್ಟೆ ಹಾರದಂತೆ ಸುತ್ತ ಇಟ್ಟ ಕಲ್ಲುಗಳು ಹಾಗೇ ಇವೆ, ನಡುವೆ ಹುಲ್ಲು ಬೇರೆ ಬಣ್ಣಕ್ಕೆ ತಿರುಗಿದೆ. ಅಲ್ಲಿಂದ ಒಂದು ಬೆಳಿಗ್ಗೆ ಒಬ್ಬರೇ ಕಯಾಕಿನಲ್ಲಿ ಹೊರಟಿದ್ದರು. ಮಧ್ಯಾಹ್ನ ಬಿರುಗಾಳಿ ಎದ್ದಿತು. ಖಾಲಿ ಕಯಾಕು ಪೂರ್ವದ ಕಡೆ ತೇಲಿಬಂದು ಸಿಕ್ಕಿತು. ಅದಕ್ಕೇ ಎಲ್ಲರೂ ಪೂರ್ವದಲ್ಲೇ ಹೆಚ್ಚು ಹುಡುಕಿದರು. ಹಿಮ ಬೀಳಲು ಶುರುವಾದಾಗ ನಿಲ್ಲಿಸಿದರು. ಇದೆಲ್ಲ ತಂತಿಯಲ್ಲಿ, ಕಾಗದಗಳಲ್ಲಿ ನಮಗೆ ಬಂದ ಸುದ್ದಿಯೇ. ಆದರೂ ಆ ಹುಲ್ಲಿನ ಮೇಲೆ ಕೂತು ಕೇಳಿದಾಗ ಈಗ ತಾನೇ ಆದಂತೆ ಅನ್ನಿಸಿತು.

ಕೊಲ್ಲಿಯಿಂದ ಮುಂದೆ ಅಲೆ ಜೋರು, ಕಯಾಕು ಹೋಗದು ಎಂದು ಟೂರಿಡ್ ದಡಕ್ಕೆ ಹಚ್ಚಿದರು. ಗುಡ್ಡದ ಏಣು ದಾಟಿ ಪಶ್ಚಿಮದ ದಂಡೆಗೆ ನಡೆದೇ ಹೋದೆವು. ನೋಡಲು ಹಸಿರು ಹಾಸು, ಕಾಲಿಟ್ಟರೆ ತೊಡೆಯವರೆಗೆ ಕೆಸರು. ಏಣಿನ ಮೇಲೆ ಮಂಜು ಕವಿದು ಪಕ್ಕದಲ್ಲಿದ್ದ ಟೂರಿಡ್ ಕೂಡ ಕಾಣದಾದರು. ‘ಕೂಗು, ಅವನ ಹೆಸರು ಹಿಡಿದು ಕೂಗು’ ಎಂದು ಅವರ ದನಿ ಮಾತ್ರ ಬಂತು. ಮದುವೆಯಾಗಿ ಎಂಟು ವರ್ಷ, ಅವರ ಹೆಸರು ಒಮ್ಮೆಯೂ ನನ್ನ ಬಾಯಲ್ಲಿ ಬಂದಿರಲಿಲ್ಲ. ಬಳೆ ಶಾಸ್ತ್ರದ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಕಾಡಿದಾಗಲೂ ಒಗಟು ಕಟ್ಟಿ ತಪ್ಪಿಸಿಕೊಂಡವಳು. ಮೊದಲು ‘ರೀ’ ಎಂದು ಕೂಗಿದೆ. ಅಲ್ಲಿ ಅದೊಂದು ಹೆಸರೇ ಅಲ್ಲ ಅನ್ನಿಸಿತು. ಆಮೇಲೆ ‘ಚಲಪತೀ’ ಎಂದು ಕೂಗಿದೆ. ಗಂಟಲು ಕಟ್ಟುವವರೆಗೆ ಕೂಗಿದೆ. ಹಕ್ಕಿಗಳು ಗುಂಪಾಗಿ ಎದ್ದು ಮತ್ತೆ ಕೂತವು. ಬೇರೇನೂ ಆಗಲಿಲ್ಲ.

ಪಶ್ಚಿಮದ ದಂಡೆಯಲ್ಲಿ ಬರೀ ಕಲ್ಲು. ಏನೂ ಸಿಗಲಿಲ್ಲ. ಇಲ್ಲಿನ ಪೊಲೀಸರು ಹೇಳುವುದಿಷ್ಟು. ಬಿರುಗಾಳಿಗೆ ಕಯಾಕು ಮಗುಚಿರಬೇಕು. ಈ ನೀರಿನಲ್ಲಿ ಬಿದ್ದವರಿಗೆ ನಿದ್ದೆ ಬಂದ ಹಾಗೆ ಆಗುತ್ತದಂತೆ, ನೋವು ತಿಳಿಯುವ ಮೊದಲೇ ಮುಗಿಯುತ್ತದಂತೆ. ಹಾಗೆಯೇ ಆಗಿದೆ ಎಂದು ನಾನು ನಂಬಿದ್ದೇನೆ. ನೀವೂ ಮಾವನವರೂ ನಂಬಬೇಕು. ‘ಕಣ್ಣಲ್ ನೋಡ್ದೆ ಎಳ್ಳುನೀರು ಬಿಡಿಸಲ್ಲ’ ಎಂದು ನೀವು ಇಷ್ಟು ದಿನ ಎಲ್ಲರನ್ನೂ ತಡೆದಿರಿ. ಇನ್ನು ತಡೆಯುವುದು ಬೇಡ ಅತ್ತೆ. ಪುರೋಹಿತರಿಗೆ ಹೇಳಿ ದಿನ ನೋಡಿಸಿ. ನಾನು ಬರುವವರೆಗೆ ಕಾದರೆ ಸಾಕು. ಇಲ್ಲಿ ಕಾಯುವುದಕ್ಕೆ ಇನ್ನೇನೂ ಉಳಿದಿಲ್ಲ.

ಮಾವನವರ ಪಾದಗಳಿಗೆ ನಮಸ್ಕಾರ. ಪಕ್ಕದ ಮನೆಯ ಅಶ್ವತ್ಥಮ್ಮನವರಿಗೆ ನೆನಪು ಹೇಳಿ, ನಿಮ್ಮ ಜೊತೆ ಬಂದು ಮಲಗುತ್ತಿರಲಿ. ಮಗುವಿಗೆ ಎರಡು ಕೆನ್ನೆಗೂ ಮುತ್ತು.

ಇತಿ ನಿಮ್ಮ,
ಕನಕಲಕ್ಷ್ಮಿ

ಮರುದಿನ ಸೇರಿಸಿದ್ದು: ಅತ್ತೆ, ಈ ಬಿಡಿ ಹಾಳೆ ನಿಮಗೊಬ್ಬರಿಗೇ. ಮಾವನವರಿಗೆ ಮೇಲಿನದನ್ನು ಮಾತ್ರ ಓದಿ, ಇದನ್ನು ಒಲೆಗೆ ಹಾಕಿಬಿಡಿ. ಟಪಾಲು ಹಡಗು ಕಟ್ಟೆಗೆ ಬಂದಿದೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಪಶ್ಚಿಮದ ದಂಡೆಯಲ್ಲಿ ಏನೂ ಸಿಗಲಿಲ್ಲ ಎಂದು ಬರೆದದ್ದು ಸುಳ್ಳು. ಅವರು ಸಿಕ್ಕಿದರು. ನಾನೇ ಮೊದಲು ಕಂಡೆ. ಒಂದು ದೊಡ್ಡ ಬಂಡೆಯ ಮರೆಯಲ್ಲಿ ಗಾಳಿ ತಡೆಯಲು ಮೊಣಕಾಲೆತ್ತರ ಗೋಡೆ ಕಟ್ಟಿಕೊಂಡು, ಅದರೊಳಗೆ ಮಲಗಿದ್ದರು. ಹಸಿರು ಮಳೆಕೋಟು ನಾವೇ ಚಿಕ್ಕಪೇಟೆಯಲ್ಲಿ ತೆಗೆದುಕೊಟ್ಟದ್ದು. ಒಂದು ಕಾಲಿಗೆ ದೋಣಿಯ ಹುಟ್ಟಿನ ತುಂಡು ಕಟ್ಟಿಕೊಂಡಿದ್ದರು. ಮೂಳೆ ಮುರಿದಿದೆ, ಏಣು ಹತ್ತಲು ಆಗಿಲ್ಲ. ಪಕ್ಕದಲ್ಲಿ ಚಿಪ್ಪುಗಳ ರಾಶಿ, ಒಡೆದು ಒಳಗಿನದನ್ನು ತಿಂದಿದ್ದಾರೆ. ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದ ನಿಮ್ಮ ಮಗ. ಅಷ್ಟು ದೊಡ್ಡ ರಾಶಿ ಒಂದೆರಡು ದಿನದ್ದಲ್ಲ ಎಂದು ಟೂರಿಡ್ ಅಂದರು. ಹುಡುಕುವ ದೋಣಿ ಆ ದಂಡೆಯ ಮುಂದೆಯೂ ಹೋಗಿತ್ತಂತೆ. ಮಂಜಿನಲ್ಲಿ ಕಲ್ಲಿನ ಗೋಡೆ ಕಲ್ಲಿನ ಹಾಗೆಯೇ ಕಂಡಿರಬೇಕು. ಅವರಿಗೆ ದೋಣಿಯ ಸದ್ದು ಕೇಳಿಸಿತ್ತೋ ಏನೋ, ಅದೊಂದನ್ನು ಯೋಚಿಸಬೇಡಿ. ನಾನು ಬೇರೇನೂ ಯೋಚಿಸುತ್ತಿಲ್ಲ. ಪೊಲೀಸರು ದೊಡ್ಡ ಊರಿಗೆ ಒಯ್ದು ಸುಡಲು ಒಪ್ಪಿದ್ದಾರೆ, ಬೆಂಕಿ ನಾನೇ ಕೊಡುತ್ತೇನೆ. ಬೂದಿ ತರುತ್ತೇನೆ. ಅದು ದ್ವೀಪದ ಮಣ್ಣು ಎಂದು ಮಾವನವರಿಗೆ ಹೇಳೋಣ. ನಿಮಗೂ ಹೇಳಬಾರದು ಎಂದೇ ಲಕೋಟೆ ಅಂಟಿಸಿದ್ದೆ. ಹೊರಡುವ ದಿನ ನೀವು ನನ್ನ ಕೈ ಹಿಡಿದು, ‘ಏಮೈನಾ ಸರೇ, ನಾ ದಗ್ಗಿರ ದಾಚೊದ್ದಮ್ಮಾ’ ಎಂದಿದ್ದಿರಿ, ಏನೇ ಆಗಿದ್ದರೂ ನನ್ನ ಹತ್ತಿರ ಮುಚ್ಚಿಡಬೇಡ ಎಂದು. ಅದು ನೆನಪಾಗಿ ಲಕೋಟೆ ಹರಿದೆ. ನಿಮ್ಮ ಮಾತಿಗಾಗಿ ಎಂದು ಹೇಳಿದರೆ ಅದೂ ಪೂರ್ತಿ ನಿಜವಲ್ಲ. ಒಬ್ಬಳೇ ಹೊರಲಾರೆ ಅತ್ತೆ.