ಒಂದೆಲಗದ ರಸ

ಮನೆಯಿಂದ,
ಮಾರ್ಚ್ ಹನ್ನೆರಡು, ಮಧ್ಯಾಹ್ನ

ಪ್ರೀತಿಯ ಪುಟ್ಟಕ್ಕಾ,

ಹೇಗಿದ್ದೀಯೆ ಮಗಳೇ? ಕೆಮ್ಮು ಕಡಿಮೆಯಾಯಿತೇ? ಹೊಸ ಮನೆಯ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡ. ಅಮ್ಮ ದೂರದಲ್ಲಿದ್ದಾಳೆಂದು ಸದರ ತೆಗೆದುಕೊಳ್ಳಬೇಡ. ನನ್ನ ಮಂಡಿನೋವು ಅದರ ಪಾಡಿಗಿದೆ.

ಅಪ್ಪನ ಮರೆವಿನ ಬಗ್ಗೆ ನೀನು ಕೇಳಿದ್ದೆ. ನೀನು ಹೋದ ಮೇಲೆ ಅದು ಹೆಚ್ಚಾಗಿತ್ತು. ಜೀವಮಾನವೆಲ್ಲ ಬೀಗ ರಿಪೇರಿ ಮಾಡಿದವರು ನಮ್ಮ ಬಾಗಿಲ ಬೀಗವನ್ನೇ ತೆಗೆಯಲಾರದೆ ಕಣ್ಣೀರು ಹಾಕಿದರು. ಡಾಕ್ಟರ್ ಮಾತ್ರೆ ಬರೆದುಕೊಟ್ಟು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಆಗ ಎದುರುಮನೆಯ ಹೊಲಿಗೆಯವಳು, "ಹಿತ್ತಲ ನಲ್ಲಿ ಹತ್ರ ಒಂದೆಲಗ ಅಷ್ಟೊಂದು ಹಬ್ಬಿದೆ, ತುಳ್ಕೊಂಡು ಓಡಾಡ್ತೀರಲ್ಲ! ನೆನಪಿಗೆ ಅದಕ್ಕಿಂತ ಬೇಕಾ?" ಎಂದಳು. ನಿನಗೆ ಬಾಯಿಹುಣ್ಣಾದಾಗ, ಪರೀಕ್ಷೆ ಹತ್ತಿರ ಬಂದಾಗ ನಾನೇ ಕೊಡುತ್ತಿದ್ದೆ, ನನಗೇ ಹೊಳೆದಿರಲಿಲ್ಲ ನೋಡು. ದುಂಡನೆಯ ಎಲೆಗಳನ್ನು ತೊಳೆದು, ಅರೆದು, ಬಟ್ಟೆಯಲ್ಲಿ ಹಿಂಡಿ, ಜೇನು ಬೆರೆಸಿ ಬರಿಹೊಟ್ಟೆಗೆ ಕೊಡತೊಡಗಿದೆ. ಮಕ್ಕಳ ಹಾಗೆ ಮುಖ ಸಿಂಡರಿಸಿ ಕುಡಿಯುತ್ತಿದ್ದರು.

ನಿಧಾನವಾಗಿ ಮತ್ತೆ ತಮ್ಮ ಬೀಗದ ಅಂಗಡಿಗೆ ಹೋಗುವಂತಾದರು. ನಿನ್ನ ಮೊದಲ ಹಲ್ಲು ಬಿದ್ದದ್ದು ಎಲ್ಲೆಂದು ಹೇಳಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ಊಟಕ್ಕೆ ಕೂತಾಗಲೆಲ್ಲ ಇನ್ನೊಂದು ತಟ್ಟೆ ಇಡತೊಡಗಿದರು. "ಚಿಕ್ಕೋನು ಇನ್ನೂ ಬಂದಿಲ್ವಾ?" ಎಂದು ಬಾಗಿಲು ನೋಡುತ್ತಿದ್ದರು. ನಮಗೆ ನೀನೊಬ್ಬಳೇ ಅಲ್ಲವೇ? ಇದೂ ಮರೆವಿನದೇ ಆಟ ಎಂದುಕೊಂಡೆ.

ಕಳೆದ ವಾರ ಮೆಟ್ಟಿಲ ಕೆಳಗಿನ ಬೀರುವಿಗೆ ಕೀಲಿಕೈ ಮಾಡಿದರು. ಕೀಲಿಕೈ ಕಳೆದಿದೆಯೆಂದು ನಾವು ಎಂದೂ ತೆಗೆಯದೆ ಬಿಟ್ಟ ಬೀರು. ಅಳತೆಯನ್ನೂ ನೋಡದೆ ಅರದಿಂದ ಉಜ್ಜಿದ್ದು ಒಂದೇ ಸಲಕ್ಕೆ ತಿರುಗಿತು. ಒಳಗೆ ಮಡಿಸಿಟ್ಟ ಪುಟ್ಟ ಅಂಗಿಗಳು, ಹುಡುಗನೊಬ್ಬನ ಸವೆದ ಚಪ್ಪಲಿ. ನಿನ್ನವಲ್ಲ. ಗುಂಡಿ ಹಾಕಿದ ಹೊಲಿಗೆ ಮಾತ್ರ ನನ್ನದೇ. ಅಪ್ಪ ಒಂದು ಅಂಗಿಯನ್ನು ಮೂಸಿ, ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು: "ಅವಳನ್ನ ಚಿಕ್ಕಂದಿನಿಂದ ಅಕ್ಕ ಅಂತೀವಲ್ಲ, ಯಾರಿಗೆ ಅಕ್ಕ ಅವಳು?"

ಅಳಿಯಂದಿರಿಗೆ ನಾವು ಕೇಳಿದೆವೆಂದು ಹೇಳು. ಇಬ್ಬರ ಮೈ ಬೆಚ್ಚಗಿರಲಿ, ಮನಸ್ಸು ಹಗುರವಾಗಿರಲಿ ಎಂದು ಹರಸುವ,

ನಿನ್ನ ಅಮ್ಮ

ತಾ.ಕ.: ಬೀರು ತೆಗೆದ ದಿನದಿಂದ ನಾನೂ ಆ ರಸ ಕುಡಿಯುತ್ತಿದ್ದೇನೆ. ಚಿಕ್ಕೋನ ಮುಖ ನೆನಪಾಗಿದೆ. ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ನಿಂತಿದೆ, ಅಪ್ಪನಿಗೂ ಸಿಗುತ್ತಿಲ್ಲ. ನಿನಗೆ ಹೊಳೆದರೆ ಕೂಡಲೇ ಬರೆ. ಬೆಳಿಗ್ಗೆಯಿಂದ ಅವನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಹೆಸರು ಹಿಡಿದು ಕರೆಯದೆ ಒಳಗೆ ಬರುವುದಿಲ್ಲವಂತೆ.