ನಾಡಿಮಿಡಿತದ ವಾಲ್ಟ್ಸ್

ವಿಯೆನ್ನಾ
೧೦ ಫೆಬ್ರವರಿ ೧೮೬೬

ಪ್ರೀತಿಯ ತಂಗಿ ವಾಲ್ಬುರ್ಗಾ,

ಎಲ್ಲರೂ ಆರಾಮವೇ? ನೀನು ಕಳಿಸಿದ ಏಪ್ರಿಕಾಟ್ ಜಾಮ್ ಮುಗಿದೇ ಹೋಯಿತು. ತಲುಪಿತೆಂದು ಬರೆಯಲು ನನಗೆ ಈಗ ಬಿಡುವಾಯಿತು. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ.

ಇವರಿಗೆ ಲಕ್ವ ಹೊಡೆದದ್ದು ನಿನಗೆ ಗೊತ್ತಲ್ಲ. ಬಲಗೈ ಪಿಟೀಲಿನ ಕಮಾನು ಹಿಡಿಯಲಾರದು. ಆದರೆ ವೈದ್ಯರ ಸಂಘದ ಬಾಲ್ ಕುಣಿತಕ್ಕೆ ವರ್ಷವರ್ಷವೂ ಮೂರು ಬಡಿತದ ಹೊಸ ವಾಲ್ಟ್ಸ್ ನಮ್ಮ ಮನೆಯಿಂದಲೇ ಹೋಗಬೇಕು, ವಾದ್ಯಗಾರರೆಲ್ಲ ಅದನ್ನೇ ನಂಬಿದ್ದಾರೆ. ಸರಿ, ನಾನೇ ಬರೆದೆ. ಕಾಯಿಲೆಯಲ್ಲಿ ಇವರ ಮಣಿಕಟ್ಟು ಹಿಡಿದೇ ಕೂತಿರುತ್ತಿದ್ದೆ. ಒಂದು ಬಡಿತ, ಅವಸರದಲ್ಲಿ ಇನ್ನೊಂದು. ಮೂರನೆಯದು ಬರುತ್ತೋ ಇಲ್ಲವೋ ಅಂತ ಜೀವ ಹಿಡಿದುಕೊಂಡು ಕಾಯಬೇಕು. ಆ ಕಾಯುವಿಕೆಯಿಂದಲೇ ನನ್ನ ವಾಲ್ಟ್ಸ್ ಹುಟ್ಟಿತು.

ಸಂಘದ ಡಾಕ್ಟರ್ ಕೋಬೆಲ್ ಬಂದು ಕೇಳಿ ತಲೆದೂಗಿದರು. ಆಮೇಲೆ ಮೆಲ್ಲಗೆ, "ಅಚ್ಚಿನಲ್ಲಿ ಯಜಮಾನರ ಹೆಸರೇ ಇರಲಿ ಅಮ್ಮಾ" ಅಂದರು.

"ಯಾಕೆ ಡಾಕ್ಟರೇ, ಹೆಂಗಸು ಬರೆದದ್ದಕ್ಕೆ ಕುಣಿದರೆ ಕಾಲು ಉಳುಕುತ್ತಾ?"

"ಹಾಗಲ್ಲ, ಜನ ಏನಂದಾರು..."

"ಉಳುಕಿದರೂ ಚಿಂತೆಯಿಲ್ಲ, ಹಾಲ್ ತುಂಬ ನೀವುಗಳೇ ಇರ್ತೀರಲ್ಲ! ನನ್ನ ಹೆಸರಿಲ್ಲ ಅಂದ್ರೆ ವಾಲ್ಟ್ಸೂ ಇಲ್ಲ."

ಇವರು ಕಿಟಕಿಯ ಕಡೆ ಮುಖಮಾಡಿ ಕೂತಿದ್ದರು. ಬಾಲ್ ನಡೆಯುವ ಕಾರ್ನಿವಲ್ ಹಬ್ಬ ಹತ್ತಿರ ಬಂದಿತ್ತು. ಕೋಬೆಲ್ ಬೇರೆ ದಾರಿಯಿಲ್ಲದೆ ಒಪ್ಪಿದರು.

ಮೊನ್ನೆ ಬಾಲ್ ಆಯಿತು. ಇವರ ಜಾಗದಲ್ಲಿ ಪಿಟೀಲು ಹಿಡಿದು ನಿಂತು ನಾನು ಕಮಾನು ಎತ್ತಿದ್ದೇ ತಡ, ಗುಸುಗುಸು ಶುರು. ಜೋಡಿಗಳು ನಿಂತಲ್ಲೇ ನಿಂತವು. ನಾನು ನುಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಬಿಳಿಕೂದಲ ಹೆಂಗಸೊಬ್ಬಳು ಗಂಡನ ತೋಳು ಜಗ್ಗಿದಳು: "ಬನ್ರೀ, ಕಾಲು ತಾನಾಗೇ ಎಳೀತಿದೆ!" ಆಮೇಲೆ ಹಾಲ್ ಒಳಗೆ ಕಾಲಿಡಲು ಜಾಗವಿಲ್ಲ. ಸಾಕೆನ್ನುವವರೇ ಇಲ್ಲದೆ ಮತ್ತೆ ಮತ್ತೆ ನುಡಿಸಿದೆವು. ಮುಂದಿನ ವರ್ಷಕ್ಕೂ ನನ್ನನ್ನೇ ಕೇಳಿದ್ದಾರೆ.

ನಿನ್ನ ಮನೆ ತಣ್ಣಗಿರಲಿ, ಮಕ್ಕಳು ನಗುನಗುತ್ತ ಬೆಳೆಯಲಿ. ದೇವರು ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ,
ಓಟಿಲಿ

ತಾ.ಕ.: ಬಾಲ್ ಮುಗಿದು ಹೊರಡುವಾಗ ಕೋಬೆಲ್ ತಲೆತಗ್ಗಿಸಿ ಹೇಳಿದರು: "ತಪ್ಪು ತಿಳೀಬೇಡಿ ಅಮ್ಮಾ, ನಿಮ್ಮ ಹೆಸರು ಬೇಡ ಅಂತ ಹೇಳಿಕಳಿಸಿದ್ದು ನಾವಲ್ಲ, ನಿಮ್ಮ ಯಜಮಾನರು." ಮನೆಗೆ ಬಂದು ನಾನೇನೂ ಕೇಳಲಿಲ್ಲ. 'ಹೇಗಾಯ್ತು' ಅಂತ ಇವರೂ ಇನ್ನೂ ಕೇಳಿಲ್ಲ. ಇವತ್ತು ಸೂಪ್ ಕುಡಿಸುವಾಗ, "ಮುಂದಿನ ವರ್ಷದ್ದೂ ನನ್ನ ಹೆಸರಲ್ಲೇ" ಅಂದೆ. ಬಾಯಿ ಬಿಗಿದುಕೊಂಡರು. ಅವರು ಬಾಯಿ ತೆರೆಯುವ ತನಕ ಚಮಚ ಹಿಡಿದೇ ಕೂತಿದ್ದೆ.