ಮೊದಲು ಎದ್ದ ತಂತಿ

ಮೊಟ್ಟೆ ಶೆಡ್ಡಿನ ಮುಂದಿನ ಕೋಣೆ,
ಜೂನ್ ಹನ್ನೆರಡು, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಕತ್ತಿನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತಾ? ಹೊತ್ತಿಗೆ ಸರಿಯಾಗಿ ಉಣ್ಣು. ಮಷೀನಿಗೆ ಎಣ್ಣೆ ಹಾಕುವವಳು ತಾನು ಬರಿಹೊಟ್ಟೆಯಲ್ಲಿ ಇರಬಾರದು. ನನ್ನ ಮಂಡಿ ಎಂದಿನಂತೆ ಮುನಿಸಿಕೊಂಡಿದೆ. ನಿಮ್ಮಪ್ಪ ಚೆನ್ನಾಗಿದ್ದಾರೆ ಅಂತ ಬರೆಯಲು ಕೈ ಏಳುತ್ತಿಲ್ಲ. ಶೆಡ್ಡಿನ ಕೆಲಸವೆಲ್ಲ ಈಗ ನನ್ನ ತಲೆಮೇಲೆ. ಕೂತರೆ ಏಳಲಾರೆ, ಎದ್ದರೆ ಕೂರಲು ಹೊತ್ತಿಲ್ಲ.

ಈಗ ಹೇಳಹೊರಟಿರುವುದನ್ನು ನಮಗೆ ಮೊದಲು ಹೇಳಿದ್ದು ನಿನ್ನ ಜೊತೆ ಓದಿದ ಉದ್ದಜಡೆಯವಳು, ಹೋದ ಭಾನುವಾರ, ಶೆಡ್ಡಿನ ಮೆಟ್ಟಿಲ ಮೇಲೆ ಕೂತು. ಕೇಳಿದವರು ನಾನು, ನಿಮ್ಮಪ್ಪ, ಮೊಟ್ಟೆ ತರುವ ವ್ಯಾನಿನವನು. ನೀನು ಮಾಡಿಟ್ಟು ಹೋದ ಪುಟ್ಟ ಕಂಪ್ಯೂಟರ್ ಡಬ್ಬಿಯ ಹೊಟ್ಟೆ ಬಿಚ್ಚಿ ನೋಡು ತಾಯಿ ಅಂತ ನಾನೇ ಕರೆಸಿದ್ದೆ.

ಮೊಟ್ಟೆ, ಮರಿ ಎಲ್ಲ ಹಾಳಾದ ಆ ದಿನ ಆಗಿದ್ದು ನಿನಗೆ ಗೊತ್ತು, ಆದರೆ ಅರ್ಧ. ಕರೆಂಟು ಹೋಗಿ ಬಂತು. ಮೊಟ್ಟೆಗೆ ಕಾವು ಕೊಡುವ ಬೀರು ತಣ್ಣಗಿದೆ, ಮೊಟ್ಟೆಯೊಡೆದು ಮರಿ ಹೊರಬರುವ ಬೀರು ಬಿಸಿಯಾಗಿದೆ ಅಂತ ನಿನ್ನ ಡಬ್ಬಿಯ ಪರದೆ ತೋರಿಸಿತು. ನಿಮ್ಮಪ್ಪ ಮೊಟ್ಟೆ ಬೀರುವಿನ ಶಾಖ ಏರಿಸಿದರು. ಪರದೆಯ ಮೇಲೆ ಏರಿದ್ದು ಮರಿ ಬೀರು! ಗಾಬರಿಯಾಗಿ ಮರಿ ಬೀರುವಿನದು ಇಳಿಸಿದರು. ಇಳಿದದ್ದು ಮೊಟ್ಟೆ ಬೀರು! ಅದನ್ನು ಇನ್ನಷ್ಟು ಏರಿಸಿದರು. ಹೀಗೇ ಏರಿಸಿ ಇಳಿಸಿ, ಆ ಕಡೆ ಮೊಟ್ಟೆಗಳು ಬೆಂದವು, ಈ ಕಡೆ ಆಗತಾನೇ ಮೊಟ್ಟೆಯೊಡೆದು ಬಂದ ಮರಿಗಳು ಒಂದರ ಮೇಲೊಂದು ಬಿದ್ದು ನಡುಗಿ ತಣ್ಣಗಾದವು. ಬಾಗಿಲು ತೆರೆದು ಕೈಯಿಟ್ಟು ನೋಡಬಾರದಿತ್ತೇ ಅಂತ ನೀನು ಫೋನಿನಲ್ಲಿ ಕೂಗಿದೆ. ತೆರೆದರೆ ಶಾಖ ಹೋಗುತ್ತೆ, ಪರದೆ ನಂಬಿ ಅಂತ ಹೇಳಿಹೋದವಳೂ ನೀನೇ. ನಾನು ಬಾಗಿಲಿಗೆ ಕೈಹಾಕಿದಾಗ ಅವರು, "ತೆಗೀಬೇಡ್ವೇ! ನನ್ನ ಮಗಳು ಮಾಡಿದ ಡಬ್ಬಿ ಸುಳ್ಳು ಹೇಳುತ್ತಾ?" ಅಂತ ಗದರಿದ್ದರು.

ಉದ್ದಜಡೆ ಬಿಡಿಸಿ ಹೇಳಿದಳು. ಡಬ್ಬಿಗೆ ಚುಚ್ಚಿದ ಪ್ರತಿಯೊಂದೂ ಅದರ ಪಾಲಿಗೆ ಒಂದು ಫೈಲಂತೆ. ಶಾಖ ಅಳೆಯುವ ಎರಡು ತಂತಿಗೆ ಎರಡು ಫೈಲು. ಕರೆಂಟು ಬಂದಾಗಲೆಲ್ಲ ಅವು ಹೊಸದಾಗಿ ಹುಟ್ಟುತ್ತವೆ. ಮೊದಲು ಎದ್ದ ತಂತಿಗೆ ಸೊನ್ನೆ ನಂಬರು, ಆಮೇಲೆ ಎದ್ದದ್ದಕ್ಕೆ ಒಂದು. ಸೊನ್ನೆ ಅಂದರೆ ಮೊಟ್ಟೆ ಬೀರು ಅಂತ ನೀನು ಬರೆದಿಟ್ಟೆ. ಆ ದಿನ ಮರಿ ಬೀರುವಿನ ತಂತಿ ಮೊದಲು ಎದ್ದುಬಿಟ್ಟಿತು. ಅಲ್ಲಿ ಶಾಖ ಯಾವಾಗಲೂ ಒಂದು ಚೂರು ಕಡಿಮೆ ತಾನೇ, ಅದನ್ನೇ ಮೊಟ್ಟೆ ಬೀರುವಿನದು ಅಂತ ತೋರಿಸಿತು. ದೊಡ್ಡ ಕಂಪ್ಯೂಟರಿನಲ್ಲಿ ಗುರುತು ಹಿಡಿದು ಹೆಸರಿಡುವ ಮೇಸ್ತ್ರಿಯಂಥ ಪ್ರೋಗ್ರಾಂ ಒಬ್ಬನಿರುತ್ತಾನಂತೆ. ಚಿಕ್ಕ ಡಬ್ಬಿಯಲ್ಲಿ ಜಾಗ ಸಾಲದು ಅಂತ ನೀನು ಅವನನ್ನು ಹೊರಗೆ ಹಾಕಿದ್ದೀಯಂತೆ. "ನಾವೆಲ್ಲ ಒಂದಲ್ಲ ಒಂದು ಸಲ ಹೀಗೆ ಮಾಡ್ತೀವಿ ಆಂಟಿ" ಅಂದಳು. ಇನ್ನು ಯಾವ ತಂತಿ ಯಾವಾಗಲಾದರೂ ಏಳಲಿ, ಚುಚ್ಚಿದ ತೂತು ನೋಡಿ ಹೆಸರು ಕೊಡುವ ಹಾಗೆ ಮಾಡಿಹೋಗಿದ್ದಾಳೆ. ವ್ಯಾನಿನವನು, "ನಮ್ಮ ಮನೇಲೂ ಅಷ್ಟೇ, ಮೊದಲು ಎದ್ದವನೇ ಒಳ್ಳೆ ಚಪ್ಪಲಿ ಹಾಕ್ಕೊಂಡು ಹೋಗೋದು" ಅಂದ. ನಾನು ನಕ್ಕೆ. ನಿಮ್ಮಪ್ಪ ನಗಲಿಲ್ಲ.

ಮರುದಿನ ಬೆಳಿಗ್ಗೆ ವ್ಯಾನಿನವನು ಹೊಸ ಮೊಟ್ಟೆ ಇಳಿಸಿದ. ನಾನು ಒಬ್ಬಳೇ ಟ್ರೇಗಳಿಗೆ ಜೋಡಿಸಿದೆ. ನಿಮ್ಮಪ್ಪ ಬಾಗಿಲವರೆಗೆ ಬಂದು ನಿಂತು, "ಶಾಖ ನೀನೇ ನೋಡ್ಕೋ, ನನ್ನ ಕೈ ಬೇಡ" ಅಂತ ಹೊರಟುಹೋದರು.

ಸಮುದ್ರ ನಿನ್ನನ್ನು ಜೋಪಾನವಾಗಿ ಇಟ್ಟುಕೊಂಡು, ಜೋಪಾನವಾಗಿ ಹಿಂದಕ್ಕೆ ಕೊಡಲಿ.

ನಿನ್ನ
ಅಮ್ಮ

ತಾ.ಕ.: ಈ ಕಾಗದ ಬರೆದದ್ದು ಅವರಿಗೆ ಗೊತ್ತಿಲ್ಲ. ಉದ್ದಜಡೆ ಹೋದಮೇಲೆ, "ಡಬ್ಬಿಯದೇ ತಪ್ಪು ಅಂತ ಅವಳಿಗೆ ತಿಳಿಸಬೇಡ ಕಣೇ, ಅಷ್ಟು ದೂರದಲ್ಲಿ ಒಬ್ಬಳೇ ಕೂತು ಕೊರಗ್ತಾಳೆ. ನನ್ನ ಕೈತಪ್ಪು ಅಂತಲೇ ಇರಲಿ" ಅಂದರು. ಇರಲಿ ಅಂತ ನಾನು ಬಿಡಲಾರೆ. ಅವರ ಹೆಸರಿಗೇ ಎರಡು ಸಾಲು ಬರೆ. ಕೆಮ್ಮು ಕೇಳಿಸಿತು, ಬಂದರು.